ಕಾಯಕಕ್ಕೆ ಜಾಮೀನು ಯಾರು?

ಬಡವರಿಗೆ ಧೈರ್ಯ ಹೇಳುವ ಹಕ್ಕು ಯಾರಿಗಿದೆ? ಹಳ್ಳಿಯ ಶಾಖೆಗಳಲ್ಲೇ ಬ್ಯಾಂಕ್ ನೌಕರಿ ಮುಗಿಸಿ, ಈಗ ಸ್ವಉದ್ಯೋಗ ತರಬೇತಿ ಕೇಂದ್ರಗಳಿಗೆ ಪಾಠ ಹೇಳಲು ಹೋಗುವ ನನ್ನನ್ನು ಈ ಪ್ರಶ್ನೆ ಬಿಡದೆ ಕಾಡುತ್ತದೆ. ಕೆಲಸ ಕೇಳಿಕೊಂಡು ಅಲೆಯಬೇಡಿ, ನಾಲ್ಕು ಜನಕ್ಕೆ ಕೆಲಸ ಕೊಡುವವರಾಗಿ ಎನ್ನುತ್ತೇವೆ. ಹಾಗೆನ್ನುವ ನಮಗೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಎದುರಿಗೆ ಕೂತವರ ಮನೆಯಲ್ಲಿರುವುದು ಎರಡು ಎಮ್ಮೆ, ಅವ್ವನ ಕೊರಳಲ್ಲಿ ಒಂದೆಳೆ ಚಿನ್ನ.

ತರಬೇತಿಯ ಮೊದಲ ದಿನಗಳಲ್ಲಿ ಒಂದು ಆಟ ಆಡಿಸುತ್ತಾರೆ. ಗೂಟವೊಂದನ್ನು ನಿಲ್ಲಿಸಿ ರಿಂಗ್ ಎಸೆಯಬೇಕು. ಎಷ್ಟು ದೂರ ನಿಲ್ಲುವುದೆಂಬುದು ಎಸೆಯುವವರ ಇಷ್ಟ; ದೂರ ಹೆಚ್ಚಿದಂತೆ ಅಂಕವೂ ಹೆಚ್ಚು. ಇದರ ಹಿಂದಿರುವುದು ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರ ವಿಚಾರ. ಸಾಧಿಸುವ ಹಂಬಲವುಳ್ಳವರು ತೀರ ಹತ್ತಿರವೂ ನಿಲ್ಲುವುದಿಲ್ಲ, ತೀರ ದೂರವೂ ಹೋಗುವುದಿಲ್ಲ, ನಡುವಿನ ಗೆರೆ ಹಿಡಿಯುತ್ತಾರೆ. ಆ ಹಂಬಲವನ್ನು ದೊಡ್ಡವರಿಗೂ ಕಲಿಸಬಹುದು ಎಂದು ಮೆಕ್‌ಕ್ಲೆಲೆಂಡ್ ನಂಬಿದ್ದರು. 1960ರ ದಶಕದಲ್ಲಿ ಕಾಕಿನಾಡದ ವ್ಯಾಪಾರಿಗಳಿಗೆ ಹೈದರಾಬಾದಿನಲ್ಲಿ ತರಬೇತಿ ಕೊಟ್ಟು ಅದನ್ನು ಪರೀಕ್ಷಿಸಿದರು ಕೂಡ. ಅವರ ಚಿಂತನೆ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್‌ನಿಂದ ಹೊರಟದ್ದು. ಧರ್ಮದ ಶಿಸ್ತಿನಿಂದ ದುಡಿಮೆಯ ಹುರುಪು ಹುಟ್ಟುತ್ತದೆಂಬ ವಾದ ಹೀಗೆ ನಮ್ಮ ತರಗತಿಯ ಗೂಟದವರೆಗೂ ಬಂದು ನಿಂತಿದೆ.

ಹೊಲಿಗೆ ಕಲಿಯಲು ಬಂದಿದ್ದ ಒಬ್ಬ ಹುಡುಗಿ ಗೂಟಕ್ಕೆ ಅಂಟಿಕೊಂಡಂತೆ ನಿಂತು ಎಲ್ಲ ರಿಂಗನ್ನೂ ಬೀಳಿಸಿದಳು. ಸ್ವಲ್ಪ ಹಿಂದೆ ಸರಿಯವ್ವಾ, ಅಪಾಯ ಎದುರಿಸೋದು ಕಲೀಬೇಕು ಎಂದರು ತರಬೇತುದಾರರು. ಆಕೆ ಸರಿದಳು. ಸರಿಯುತ್ತಲೇ ಹೇಳಿದಳು: “ಇಲ್ಲಿ ತಪ್ಪಿದ್ರ ರಿಂಗ್ ತಿರುಗಿ ಕೈಗೆ ಬರತೈತ್ರಿ ಸರ. ಮನ್ಯಾಗ ಬರಂಗಿಲ್ಲ.”

ಆ ಮಾತಿಗೆ ತರಬೇತಿಯ ಯಾವ ಪುಸ್ತಕದಲ್ಲೂ ನನಗೆ ಉತ್ತರ ಸಿಕ್ಕಿಲ್ಲ. ಗೂಟದ ಹತ್ತಿರ ನಿಂತದ್ದು ಆಕೆಯ ಪುಕ್ಕಲುತನವಲ್ಲ, ಮನೆಯ ಲೆಕ್ಕ ಬಲ್ಲ ವಿವೇಕ. ಎಷ್ಟು ದೂರದಿಂದ ಎಸೆಯಬಹುದು ಎನ್ನುವುದು ತಪ್ಪಿದ ರಿಂಗನ್ನು ಹೆಕ್ಕಿಕೊಡುವವರು ಇದ್ದಾರೆಯೇ ಎನ್ನುವುದರ ಮೇಲೆ ನಿಂತಿದೆ. ಹೆಕ್ಕಿಕೊಡುವವರನ್ನು ಒದಗಿಸದೆ ದೂರ ನಿಲ್ಲು ಎಂದು ಹೇಳುವುದನ್ನು ನಾನು ಅಧರ್ಮ ಎನ್ನುತ್ತೇನೆ. ಆ ಪದವನ್ನು ತೂಗಿಯೇ ಬಳಸುತ್ತಿದ್ದೇನೆ.

ನಮ್ಮ ಉದ್ಘಾಟನಾ ಭಾಷಣಗಳಲ್ಲಿ ಕಾಯಕದ ಮಾತು ಬರದೆ ಇರುವುದಿಲ್ಲ. ದಾಸೋಹದ ಮಾತು ಬರುವುದು ಅಪರೂಪ, ಬಂದರೂ ಊಟದ ಹೊತ್ತಿಗೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಇವೆರಡೂ ಒಂದನ್ನು ಬಿಟ್ಟು ಒಂದಿರಲಿಲ್ಲ. ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ತಂದಲ್ಲಿಗೇ ಒಯ್ದು ಸುರಿದು ಬಾ ಎಂದು ಕಳಿಸಿದಳು. ಇದನ್ನು ದುರಾಸೆ ಬೇಡವೆಂಬ ನೀತಿಕಥೆಯಾಗಿ ಹೇಳುತ್ತ ಬಂದಿದ್ದೇವೆ. ಅಂಗಳದ ಕಡೆಯಿಂದ ನೋಡಿದರೆ ಅದರಲ್ಲಿ ಇನ್ನೊಂದು ಅರ್ಥವಿದೆ. ಅಕ್ಕಿ ಬಿದ್ದಿರುವ ಅಂಗಳ ಒಂದಿತ್ತು. ಬಂಡವಾಳವಿಲ್ಲದವನೂ ಬಂದು ಕಾಯಕ ಹಿಡಿಯಲು ಸಾಧ್ಯವಾದದ್ದು ಅದರಿಂದ. ಲಕ್ಕಮ್ಮ ಹಿಂದಿರುಗಿಸಿದ್ದು ಆ ಅಂಗಳಕ್ಕೆ, ನಾಳೆ ಬರುವ ಮತ್ತೊಬ್ಬರಿಗೆ. ಗಂಡನ ದುಡಿಮೆಯನ್ನು ಆಕೆ ಹಳಿಯಲಿಲ್ಲ. ದುಡಿಮೆಗೆ ಆಸರೆಯಾದ ಜಾಗ ಬರಿದಾಗದಂತೆ ನೋಡಿಕೊಂಡಳು.

ಅಂಥ ಅಂಗಳ ಕಟ್ಟಿದ ಉದಾಹರಣೆಗಳು ನಮ್ಮ ಕರಾವಳಿಯಲ್ಲಿವೆ. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಶಾಲೆ ತೆರೆದರು, 1906ರಲ್ಲಿ ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು ಆರಂಭಿಸಿದರು. ಅಕ್ಷರ ಕಲಿಸಿದ ಕೈಯೇ ಬಂಡವಾಳವನ್ನೂ ಕೂಡಿಸಿತು. 1925ರಲ್ಲಿ ಉಡುಪಿಯಲ್ಲಿ, ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ ಹುಟ್ಟಿತು. 1928ರ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಂಥ ಚಿಲ್ಲರೆಯನ್ನೂ ಕಟ್ಟಿಸಿಕೊಂಡರು. ಈ ಎರಡು ಬ್ಯಾಂಕುಗಳ ಜೊತೆ ಧರ್ಮಸ್ಥಳ ಸೇರಿ, ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ತೆರೆದದ್ದು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಜಿಲ್ಲೆಗೊಂದರಂತೆ ದೇಶದೆಲ್ಲೆಡೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ, ಅಂದರೆ ಆರ್‌ಸೆಟಿಗಳಿಗೆ ಅದೇ ಮಾದರಿ. ಅದರಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ತರಬೇತಿಯ ನಂತರದ ಎರಡು ವರ್ಷಗಳನ್ನು. ಕಲಿತು ಹೋದವರ ಬೆನ್ನಿಗೆ ನಿಂತು, ಸಾಲ ಸಿಕ್ಕಿತೇ, ಗಿರಾಕಿ ಬರುತ್ತಿದ್ದಾರೆಯೇ ಎಂದು ವಿಚಾರಿಸುತ್ತಲೇ ಇರಬೇಕೆಂಬ ನಿಯಮವದು. ಜೊತೆಗಿರುತ್ತೇವೆಂದು ಕೊಟ್ಟ ಮಾತಾಗಿ ನಾನು ಅದನ್ನು ನೋಡುತ್ತೇನೆ.

ಆದರೆ ಹತ್ತು ಜನ ಸೇರಿದ ಮಾತ್ರಕ್ಕೆ ಅಂಗಳವಾಗುವುದಿಲ್ಲ. 2010ರಲ್ಲಿ ಆಂಧ್ರಪ್ರದೇಶದಲ್ಲಿ ಕಿರುಸಾಲ ಕಂಪನಿಗಳ ವಸೂಲಿಯ ಕಾಟ ಮಿತಿಮೀರಿ, ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಕಂಪನಿಗಳು ಸಾಲ ಕೊಡುತ್ತಿದ್ದದ್ದು ಹೆಂಗಸರ ಗುಂಪುಗಳಿಗೆ; ಗುಂಪಿನಲ್ಲಿ ಒಬ್ಬಳ ಸಾಲಕ್ಕೆ ಉಳಿದವರ ಜಾಮೀನು. ಕಂತು ತಪ್ಪಿದವಳ ಕಟ್ಟೆಯ ಮೇಲೆ ಉಳಿದವರನ್ನು ಕೂರಿಸಿದರೆ ನೆರೆಹೊರೆಯೇ ಉರುಳಾಗುತ್ತದೆ. ಅದೇ ಹೆಂಗಸರು, ಅದೇ ಓಣಿ, ಅದೇ ಜಾಮೀನು ಎಂಬ ಮಾತು. ಒಂದು ಕಡೆ ಅದು ಭಾರ ಹೊರುತ್ತದೆ, ಇನ್ನೊಂದು ಕಡೆ ಕಾವಲು ಕಾಯುತ್ತದೆ. ಎರಡನ್ನೂ ಸಮುದಾಯದ ಸಹಭಾಗಿತ್ವ ಎಂದೇ ವರದಿಗಳಲ್ಲಿ ಬರೆಯುತ್ತಾರೆ. ಇದು ನನಗೆ ನೋವಿನ ಸಂಗತಿ.

ಹಾಗಾಗಿ ಯಾವ ಊರಿಗೆ ಹೋದರೂ ನಾನು ಮೊದಲು ಕೇಳುವುದು ಅಂಗಡಿ ಮುಚ್ಚಿದವರ ಬಗ್ಗೆ. ಅವರು ಸಂಘದ ಸಭೆಗೆ ಈಗಲೂ ಬರುತ್ತಾರೆಯೇ? ಮದುವೆಗೆ ಕರೆಯುತ್ತಾರೆಯೇ? ಎರಡನೆಯ ಸಲ ಸಾಲ ಕೇಳಿದರೆ ಮ್ಯಾನೇಜರು ಕುರ್ಚಿ ತೋರಿಸುತ್ತಾರೆಯೇ? ಗೆದ್ದವರ ಫೋಟೋ ಕೇಂದ್ರದ ಗೋಡೆಯ ಮೇಲಿರುತ್ತದೆ, ಅತಿಥಿಯಾಗಿಯೂ ಅವರನ್ನೇ ಕರೆಯುತ್ತಾರೆ. ನಾನು ಪಾಠ ಹೇಳುವ ಒಂದು ಕೇಂದ್ರದಲ್ಲಿ ಹಟ ಹಿಡಿದು, ಹಿಟ್ಟಿನ ಗಿರಣಿ ಮುಚ್ಚಿದ್ದ ಹಳೆಯ ವಿದ್ಯಾರ್ಥಿಯೊಬ್ಬರನ್ನು ಕರೆಸಿದೆವು. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ಹೆಚ್ಚಿಸಿಕೊಂಡದ್ದು, ಮೋಟರನ್ನು ಗುಜರಿಗೆ ಹಾಕದೆ ಮಾರಿದ್ದು, ಹೆಂಡತಿಯ ಸಂಘದವರು ಎರಡು ಕಂತು ತಾವೇ ತುಂಬಿ ಯಾರೂ ಅವರ ಮನೆಮುಂದೆ ನಿಲ್ಲದಂತೆ ನೋಡಿಕೊಂಡದ್ದು, ಎಲ್ಲವನ್ನೂ ಅಂಕಿಯ ಸಮೇತ ಬೋರ್ಡಿನ ಮೇಲೆ ಬರೆದು ತೋರಿಸಿದರು. ಈಗ ಕುರಿ ಸಾಕುತ್ತಿದ್ದಾರೆ. ಅಂದು ಹುಡುಗರು ಊಟದ ಗಂಟೆ ಹೊಡೆದರೂ ಏಳದೆ, ಸಂಘದ ಆ ಎರಡು ಕಂತನ್ನು ಹೇಗೆ ತೀರಿಸಿದಿರಿ, ಬಡ್ಡಿ ಕೇಳಿದರೇ ಎಂದು ವಿಚಾರಿಸುತ್ತಲೇ ಇದ್ದರು. ಬಡ್ಡಿ ಕೇಳಲಿಲ್ಲ, ಸಂಘದಲ್ಲಿ ಇನ್ನೊಬ್ಬರಿಗೆ ಹೀಗಾದರೆ ಒಂದು ಕಂತು ನೀವು ತುಂಬಬೇಕು ಎಂದಷ್ಟೇ ಹೇಳಿದ್ದರಂತೆ.