ಮೌನ ಯಾರದು?

ಮಾತೇ ಇಲ್ಲದ ಸಾಕ್ಷ್ಯಚಿತ್ರಗಳ ಅಭಿಮಾನಿಗಳು ಸಂಖ್ಯೆಯಲ್ಲಿ ಕಡಿಮೆ, ಹಟದಲ್ಲಿ ಹೆಚ್ಚು. ನಾನೂ ಅವರಲ್ಲೊಬ್ಬ. ಈ ಚಿತ್ರಗಳಲ್ಲಿ ನಿರೂಪಕನಿಲ್ಲ, ಸಂದರ್ಶನವಿಲ್ಲ, ತೆರೆಯ ಕೆಳಗೆ ಊರಿನ ಹೆಸರೂ ಮೂಡುವುದಿಲ್ಲ. ದೃಶ್ಯ ಮತ್ತು ಸಂಗೀತ, ಅಷ್ಟೇ. ಗಾಡ್‌ಫ್ರೆ ರೆಜಿಯೊ ಅವರ ‘ಕೊಯಾನಿಸ್‌ಕಾಟ್ಸಿ’ (1982) ಮತ್ತು ‘ಪೊವಾಕಾಟ್ಸಿ’ (1988), ರಾನ್ ಫ್ರಿಕ್ ಅವರ ‘ಬರಾಕಾ’ (1992) ಮತ್ತು ‘ಸಂಸಾರ’ (2011) ಈ ಬಗೆಯಲ್ಲಿ ಹೆಸರಾದವು. ಇವುಗಳ ಅಭಿಮಾನಿಗಳು ಮಾಡುವ ಕೆಲಸ ಮಾತ್ರ ವಿಚಿತ್ರ. ಮಾತಿಲ್ಲ ಎಂಬ ಕಾರಣಕ್ಕೇ ಮೆಚ್ಚಿದ ಚಿತ್ರವನ್ನು ದೃಶ್ಯ ದೃಶ್ಯಕ್ಕೂ ನಿಲ್ಲಿಸಿ, ಇದು ಯಾವ ಊರು, ಯಾವ ಗುಡಿ, ಯಾವ ಗಣಿ ಎಂದು ಹುಡುಕಿ ಬರೆದಿಡುತ್ತಾರೆ. ನನ್ನ ಬಳಿಯೂ ಅಂಥದೊಂದು ಪಟ್ಟಿಯಿದೆ. ದೃಶ್ಯ, ಊರು, ಕೆಲಸ, ಹೆಸರು ಎಂದು ಅದರಲ್ಲಿ ನಾಲ್ಕು ಕಾಲಂಗಳು. ಮೊದಲ ಮೂರು ಒಂದು ಮಟ್ಟಿಗೆ ತುಂಬಿವೆ. ಹೆಸರಿನ ಕಾಲಂ ಬಹುತೇಕ ಖಾಲಿ.

ಆ ಖಾಲಿ ಕಾಲಂ ಎತ್ತುವ ಪ್ರಶ್ನೆ ಇದು: ಒಬ್ಬ ಮನುಷ್ಯನನ್ನು ಅವನ ಮಾತಿಲ್ಲದೆ, ಹೆಸರಿಲ್ಲದೆ ಜಗತ್ತಿಗೆಲ್ಲ ತೋರಿಸುವುದು ಅವನಿಗೆ ಸಲ್ಲಿಸುವ ಗೌರವವೋ, ಅವನಿಂದ ಏನನ್ನೋ ಕಿತ್ತುಕೊಳ್ಳುವುದೋ?

ಮೊದಲು ಮೌನದ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್‌ನ ಸಾಕ್ಷ್ಯಚಿತ್ರಗಳನ್ನು ನಮ್ಮ ಹಿರಿಯರು ಟಾಕೀಸುಗಳಲ್ಲಿ ಮುಖ್ಯ ಸಿನಿಮಾಕ್ಕೆ ಮೊದಲು ಕಡ್ಡಾಯವಾಗಿ ನೋಡುತ್ತಿದ್ದರು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಆ ಗಂಭೀರ ದನಿ ಅಣೆಕಟ್ಟು ಎಂದರೇನು, ರೈತನೆಂದರೆ ಯಾರು, ಅವನು ಏಕೆ ಸಂತೋಷವಾಗಿದ್ದಾನೆ ಎಂದು ತಿಳಿಸಿಹೇಳುತ್ತಿತ್ತು. ತೆರೆಯ ಮೇಲಿನ ರೈತ ಬಾಯಿ ತೆರೆಯಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ. ಅಂಥ ಸಂಸ್ಥೆಯಲ್ಲೇ ಎಸ್. ಸುಖದೇವ್ 1967ರಲ್ಲಿ ‘ಇಂಡಿಯಾ 67’ ಎಂಬ ಚಿತ್ರವನ್ನು ನಿರೂಪಣೆಯಿಲ್ಲದೆ ಮಾಡಿದರು. ಸ್ವಾತಂತ್ರ್ಯದ ಇಪ್ಪತ್ತನೇ ವರ್ಷದ ದೇಶ ಹೇಗಿದೆ ಎಂದು ಹೇಳಿಕೊಡುವ ದನಿ ಅದರಲ್ಲಿಲ್ಲ. ನೋಡುಗ ತಾನೇ ನೋಡಿಕೊಳ್ಳಬೇಕು. ಅಧಿಕಾರದ ದನಿಯನ್ನು ಒಂದು ಗಂಟೆಯ ಮಟ್ಟಿಗಾದರೂ ಸುಮ್ಮನಿರಿಸಿದ್ದು ಸಣ್ಣ ಸಾಹಸವಲ್ಲ. ರೆಜಿಯೊ ಅವರ ವಾದವೂ ಇದಕ್ಕೆ ಹತ್ತಿರವಾದದ್ದೇ. ನಾವು ಬದುಕುತ್ತಿರುವ ಜಗತ್ತನ್ನು ವಿವರಿಸುವ ಶಕ್ತಿಯನ್ನು ನಮ್ಮ ಭಾಷೆ ಕಳೆದುಕೊಂಡಿದೆ, ಆದ್ದರಿಂದ ತೋರಿಸುವುದೊಂದೇ ಉಳಿದ ದಾರಿ ಎಂಬುದು ಅವರ ನಿಲುವು.

ಮಾತಿಲ್ಲದ ಸಿನಿಮಾ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಸಿಂಗೀತಂ ಶ್ರೀನಿವಾಸ ರಾವ್ ಅವರ ‘ಪುಷ್ಪಕ ವಿಮಾನ’ (1987). ಬೆಂಗಳೂರಿನಲ್ಲಿ ಚಿತ್ರೀಕರಿಸಿದ ಆ ಕಥಾಚಿತ್ರದಲ್ಲಿ ಒಂದೂ ಸಂಭಾಷಣೆಯಿಲ್ಲ. ಆದರೂ ಹಿಂದಿಗೆ ಹೋದಾಗ ಅದು ‘ಪುಷ್ಪಕ್’ ಆಯಿತು, ತಮಿಳಿಗೆ ಹೋದಾಗ ‘ಪೇಸುಂ ಪಡಂ’ ಆಯಿತು. ಮಾತು ಬೇಡವೆಂದವರಿಗೂ ಭಾಷೆಗೊಂದು ಹೆಸರು ಬೇಕಾಯಿತು! ಆ ಚಿತ್ರದ ಮೌನದಲ್ಲಿ ನೈತಿಕ ತೊಡಕೇನೂ ಇಲ್ಲ. ಅದು ಕಮಲ್ ಹಾಸನ್ ಒಪ್ಪಿಕೊಂಡು ನಟಿಸಿದ ಮೌನ. ಶೂಟಿಂಗ್ ಮುಗಿದ ಮೇಲೆ ಅವರು ಮಾತಾಡಬಲ್ಲರು, ಸಂದರ್ಶನ ಕೊಡಬಲ್ಲರು, ಸಂಭಾವನೆ ಸಾಲದಿದ್ದರೆ ಜಗಳ ತೆಗೆಯಬಲ್ಲರು. ಸಾಕ್ಷ್ಯಚಿತ್ರದಲ್ಲಿ ಸೆರೆಯಾದವನ ಮೌನ ಹಾಗಲ್ಲ. ಅದನ್ನು ಆರಿಸಿಕೊಂಡವನು ನಿರ್ದೇಶಕ, ಹೊರುವವನು ಬೇರೊಬ್ಬ.

ಹೊರುವ ಮಾತು ಬಂದದ್ದರಿಂದ ‘ಪೊವಾಕಾಟ್ಸಿ’ಯ ಆರಂಭಕ್ಕೆ ಬರುತ್ತೇನೆ. ಬ್ರೆಜಿಲ್‌ನ ಪಾರಾ ರಾಜ್ಯದ ಸೆರಾ ಪೆಲಾಡಾ ಎಂಬ ತೆರೆದ ಚಿನ್ನದ ಗಣಿ. ಸಾವಿರಾರು ಗಂಡಸರು ಮಣ್ಣಿನ ಚೀಲ ಹೊತ್ತು, ಕೆಸರು ಮೆತ್ತಿದ ಮೈಯಲ್ಲಿ, ಕಡಿದಾದ ಇಳಿಜಾರನ್ನು ಏರುತ್ತಿದ್ದಾರೆ. ಹಿಂದೆ ಫಿಲಿಪ್ ಗ್ಲಾಸ್ ಅವರ ಸಂಗೀತ. ಪೆಟ್ಟಾಗಿ ಎಚ್ಚರ ತಪ್ಪಿದ ಒಬ್ಬನನ್ನು ಜೊತೆಗಾರರು ಹೊತ್ತು ತರುತ್ತಾರೆ, ಅವನ ತೋಳು ಜೋತುಬಿದ್ದಿದೆ. ವಿಶ್ವವಿದ್ಯಾಲಯದ ಗೆಳೆಯರಿಗೆ ಈ ದೃಶ್ಯ ತೋರಿಸಿದಾಗಲೆಲ್ಲ ಬಂದ ಮೊದಲ ಮಾತು ಒಂದೇ: ಗುಲಾಮಗಿರಿ.

ನವಲಗುಂದ ತಾಲ್ಲೂಕಿನ ಮೊರಬ ನನ್ನೂರು. ರಜೆಯಲ್ಲಿ ಊರಿಗೆ ಹೋದಾಗ ಇದೇ ದೃಶ್ಯವನ್ನು ಲ್ಯಾಪ್‌ಟಾಪಿನಲ್ಲಿ ನಮ್ಮ ಸಂಬಂಧಿಕರೊಬ್ಬರಿಗೆ ತೋರಿಸಿದೆ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಬಹಳ ವರ್ಷ ಹಮಾಲಿ ಮಾಡಿ ಊರಿಗೆ ಮರಳಿದವರು ಅವರು. ಮುಖ ಮುಂದೆ ಚಾಚಿ ನೋಡುತ್ತ ನೋಡುತ್ತ, “ಈ ಮುಂದಿನಾಂವ ನುರಿತಾಂವ ಅದಾನ. ಅವನ ಹಿಂದಿನಾಂವ ಹೊಸಬ, ಹೆಜ್ಜಿ ನೋಡು” ಎಂದರು. ಭಾರ ಬೆನ್ನಿನ ಯಾವ ಜಾಗದಲ್ಲಿ ಕೂತರೆ ಏರು ಹತ್ತಲು ಹಗುರ ಎಂದು ತಮ್ಮ ಬೆನ್ನು ಮುಟ್ಟಿ ತೋರಿಸಿದರು. ಕೊನೆಗೆ ಕೇಳಿದರು: “ಚೀಲಕ್ಕ ಕೂಲಿ ಎಷ್ಟಂತ?”

ಈ ಎರಡು ಮಾತುಗಳು ನನ್ನ ಪ್ರಶ್ನೆಯನ್ನು ಎರಡಾಗಿ ಸೀಳಿದವು. ಮೊದಲನೆಯದು ಮೌನದ ಪರವಾದ ಸಾಕ್ಷಿ. ನಿರೂಪಕನೊಬ್ಬ ಆ ದೃಶ್ಯದ ಮೇಲೆ ಶೋಷಣೆಯ ಕುರಿತು ಭಾಷಣ ಮಾಡಿದ್ದರೆ ಆ ಹಮಾಲರ ಕಣ್ಣು ಹೆಜ್ಜೆಯ ಮೇಲೆ ಬೀಳುತ್ತಿತ್ತೋ ಇಲ್ಲವೋ. ಮಾತಿಲ್ಲದ್ದರಿಂದ ಅವರ ಅರಿವಿಗೆ ಜಾಗ ಸಿಕ್ಕಿತು. ನನ್ನ ಗೆಳೆಯರಿಗೆ ಜನಜಂಗುಳಿ ಕಂಡ ಕಡೆ ಅವರಿಗೆ ಒಬ್ಬ ನುರಿತವನು, ಒಬ್ಬ ಹೊಸಬ ಕಂಡರು. ನೋವಷ್ಟೇ ಕಾಣುವ ಕಡೆ ಕಸುಬು ಕಂಡಿತು. ಎರಡನೆಯ ಮಾತು ಮಾತ್ರ ಚಿತ್ರದ ಬಾಗಿಲು ಬಡಿದು ಹಾಗೇ ನಿಂತಿತು. ಕೂಲಿಗೆ ದೃಶ್ಯವಿಲ್ಲ. ಕೂಲಿ ಎಂಬುದು ಇಬ್ಬರ ನಡುವಿನ ಮಾತು. ಎಷ್ಟು ಹೊಳೆಯುವ ಬೆಳಕಿನಲ್ಲಿ, ಎಷ್ಟು ನಿಧಾನಗತಿಯಲ್ಲಿ ಚಿತ್ರೀಕರಿಸಿದರೂ ಅದು ತೆರೆಯ ಮೇಲೆ ಮೂಡುವುದಿಲ್ಲ.

ಆ ಉತ್ತರವನ್ನು ಚಿತ್ರದ ಹೊರಗೆ ಹುಡುಕಬೇಕು. ಇದೇ ಗಣಿಯನ್ನು 1986ರಲ್ಲಿ ಛಾಯಾಚಿತ್ರಗಳಲ್ಲಿ ಸೆರೆಹಿಡಿದ ಸೆಬಾಸ್ಟಿಯಾವೊ ಸಾಲ್ಗಾಡೊ ತಮ್ಮ ಚಿತ್ರಗಳ ಜೊತೆಗೆ ಒಂದಿಷ್ಟು ವಿವರವನ್ನೂ ಬರೆದರು. ನೋಡಿದವರಿಗೆ ಗುಲಾಮರಂತೆ ಕಂಡರೂ ಅವರು ಗುಲಾಮರಲ್ಲ, ಬಂಗಾರದ ಆಸೆ ಹೊತ್ತು ತಾವಾಗಿ ಬಂದವರು ಎಂದರು. ಅಗೆಯುವ ಜಾಗದಲ್ಲಿ ಚಿನ್ನದ ಎಳೆ ಸಿಕ್ಕರೆ ಹೊತ್ತವನಿಗೆ ತಾನು ಹೊತ್ತ ಚೀಲಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಹಕ್ಕಿತ್ತು ಎಂದೂ ಬರೆದರು. ಈ ಒಂದು ವಾಕ್ಯ ಓದಿದ ಮೇಲೆ ಆ ದೃಶ್ಯ ಮೊದಲಿನಂತೆ ಕಾಣುವುದಿಲ್ಲ. ಪ್ರತಿ ಚೀಲವೂ ಒಂದು ಲಾಟರಿ ಟಿಕೆಟ್ ಆಗುತ್ತದೆ, ಏರುತ್ತಿರುವವನ ಮುಖದಲ್ಲಿ ಲೆಕ್ಕಾಚಾರ ಕಾಣುತ್ತದೆ. ಅವನ ಕಷ್ಟ ಕಡಿಮೆಯಾಗುವುದಿಲ್ಲ, ಆಸೆ ತೋರಿಸಿ ದುಡಿಸಿಕೊಳ್ಳುವುದೂ ಕ್ರೌರ್ಯವೇ. ಆದರೆ ಅವನು ಬರೀ ಹೊರುವ ದೇಹವಾಗಿ ಉಳಿಯದೆ, ಏನನ್ನೋ ಬಯಸಿ ಬಂದ ಮನುಷ್ಯನಾಗುತ್ತಾನೆ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆಯನ್ನು ಇಲ್ಲಿ ಹಿಂಜರಿಯುತ್ತಲೇ ನೆನೆಯಬೇಕು. ಆ ಬಂಗಾರ ಸಿಕ್ಕಿದ್ದು ಯಾರಿಗೆ?

ಹೋಪಿ ಭಾಷೆಯ ‘ಪೊವಾಕಾಟ್ಸಿ’ ಎಂಬ ಪದಕ್ಕೆ, ಬೇರೆ ಜೀವಗಳ ಸತ್ವ ಹೀರಿ ತಾನು ಬೆಳೆಯುವ ಜೀವನಕ್ರಮ ಎಂದು ಅರ್ಥ. ಶ್ರೀಮಂತ ಜಗತ್ತು ಬಡ ಜಗತ್ತಿಗೆ ಮಾಡುತ್ತಿರುವುದು ಅದನ್ನೇ ಎಂಬುದು ಚಿತ್ರದ ಆರೋಪ. ಆರೋಪ ಸರಿಯಾದದ್ದೇ. ಆದರೆ ಹೆಸರು ಕೇಳದೆ ಒಬ್ಬನ ಬೆವರನ್ನು ತನ್ನ ಸೌಂದರ್ಯವನ್ನಾಗಿ ಮಾಡಿಕೊಂಡ ಕ್ಯಾಮೆರಾ ಆ ಪದದ ಅರ್ಥದಿಂದ ಪೂರ್ತಿ ಹೊರಗಿದೆಯೇ? ಆ ಸೌಂದರ್ಯವನ್ನು ಕತ್ತಲಲ್ಲಿ ಕೂತು ಸವಿಯುವ ನಾನು?

ಮಾತು ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದಕ್ಕೆ ಇನ್ನೊಂದು ಉದಾಹರಣೆಯಿದೆ. ‘ಕೊಯಾನಿಸ್‌ಕಾಟ್ಸಿ’ಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರೂಯಿಟ್-ಐಗೋ ವಸತಿ ಸಮುಚ್ಚಯದ ಕಟ್ಟಡಗಳು ಸ್ಫೋಟಗೊಂಡು ಕುಸಿಯುವ ದೃಶ್ಯವಿದೆ. 33 ಕಟ್ಟಡಗಳ ಆ ಸಮುಚ್ಚಯವನ್ನು ಕೆಡವುವ ಕೆಲಸ 1972ರಲ್ಲಿ ಶುರುವಾಯಿತು. ಒಡೆದ ಕಿಟಕಿಗಳು, ಖಾಲಿ ಕಾರಿಡಾರುಗಳು, ಧೂಳು, ಸಂಗೀತ ಎಲ್ಲ ಸೇರಿ ಆಧುನಿಕ ನಾಗರಿಕತೆಯೇ ಕುಸಿಯಿತು ಎನಿಸುತ್ತದೆ. 2011ರಲ್ಲಿ ಚಾಡ್ ಫ್ರೈಡ್ರಿಕ್ಸ್ ‘ದಿ ಪ್ರೂಯಿಟ್-ಐಗೋ ಮಿಥ್’ ಎಂಬ ಚಿತ್ರ ಮಾಡಿದರು. ಅಲ್ಲಿ ಬದುಕಿದ್ದವರೇ ಅದರಲ್ಲಿ ಮಾತಾಡುತ್ತಾರೆ. ಮೊದಲ ದಿನಗಳ ಸಂಭ್ರಮ, ನಿರ್ವಹಣೆಗೆ ಹಣವಿಲ್ಲದೆ ಕಟ್ಟಡ ಹಾಳಾದದ್ದು, ಕಪ್ಪು ಬಡಕುಟುಂಬಗಳನ್ನು ಹದ್ದಿನಲ್ಲಿಟ್ಟ ಸರ್ಕಾರಿ ನಿಯಮಗಳು ಒಂದೊಂದಾಗಿ ಬರುತ್ತವೆ. ಮೊದಲ ಚಿತ್ರದಲ್ಲಿ ಬಿದ್ದದ್ದು ಒಂದು ಪ್ರತೀಕ. ಎರಡನೆಯದರಲ್ಲಿ ಬಿದ್ದದ್ದು ಮನೆ. ಪ್ರತೀಕ ಬಿದ್ದರೆ ಬೆರಗಾಗಬಹುದು. ಮನೆ ಬಿದ್ದರೆ ಯಾರು ಕೆಡವಿದರು ಎಂದು ಕೇಳಬೇಕಾಗುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಮಾತೂ ಸುಳ್ಳು ಹೇಳುತ್ತದೆ, ಫಿಲ್ಮ್ಸ್ ಡಿವಿಷನ್‌ನ ದನಿ ಎಷ್ಟೋ ಸಲ ಹೇಳಲಿಲ್ಲವೇ? ನಿಜ. ಆದರೆ ಅದು ರೈತನ ಮಾತಲ್ಲ, ರೈತನ ಮೇಲಿನ ಮಾತು. ನಿರೂಪಕನ ಮೌನ ಬೇರೆ, ಸೆರೆಯಾದವನ ಮೌನ ಬೇರೆ. ಮಾತಿಲ್ಲದ ಚಿತ್ರಗಳು ಮೊದಲನೆಯದನ್ನು ತೆಗೆಯಲು ಹೋಗಿ ಎರಡನೆಯದನ್ನೂ ಜೊತೆಗೇ ತೆಗೆದುಬಿಡುತ್ತವೆ. ಹಾಗೆ ಆಗಲೇಬೇಕೆಂದೇನೂ ಇಲ್ಲ. ‘ಇಂಡಿಯಾ 67’ ಬಂದ ವರ್ಷವೇ, ಅದೇ ಸಂಸ್ಥೆಯಲ್ಲಿ, ಎಸ್.ಎನ್.ಎಸ್. ಶಾಸ್ತ್ರಿ ‘ಐ ಆ್ಯಮ್ 20’ ಮಾಡಿದರು. ಸ್ವಾತಂತ್ರ್ಯದ ಜೊತೆಗೇ ಹುಟ್ಟಿದ ಯುವಕ ಯುವತಿಯರನ್ನು ಕೂರಿಸಿಕೊಂಡು ಅವರ ಆಸೆ, ಸಿಟ್ಟು, ನಿರಾಸೆಗಳನ್ನು ಅವರ ಬಾಯಿಂದಲೇ ಕೇಳಿದರು. ಅದರಲ್ಲೂ ಅಧಿಕಾರದ ದನಿಯಿಲ್ಲ, ಆದರೆ ಮನುಷ್ಯರ ದನಿಯಿದೆ. ಇನ್ನೊಂದು ಕಡೆ, ‘ವೈಲ್ಡ್ ಕರ್ನಾಟಕ’ದಂಥ ಚಿತ್ರದಲ್ಲಿ ಮಾತಾಡಲಾರದ ಆನೆ, ಹುಲಿಗಳ ಪರವಾಗಿ ಡೇವಿಡ್ ಅಟೆನ್‌ಬರೊ ಮಾತಾಡುತ್ತಾರೆ. ಮಾತಿಲ್ಲದ ಪ್ರಾಣಿಗೆ ಮಾತು ಕೊಡುತ್ತೇವೆ, ಮಾತಿರುವ ಮನುಷ್ಯನಿಂದ ಕಸಿಯುತ್ತೇವೆ. ಕಲೆ ಎಂದು ಇದನ್ನು ಒಪ್ಪಿಕೊಳ್ಳುವಾಗಲೂ ವಿಪರ್ಯಾಸ ಕಣ್ಣಿಗೆ ಬೀಳದಿರಬಾರದು.

ದೂರದ ಉದಾಹರಣೆ ಬೇಡವೆನ್ನುವವರು ನಮ್ಮ ಸೀಮೆಗೇ ಒಂದು ಕ್ಯಾಮೆರಾ ಬಂದಿದೆಯೆಂದು ಊಹಿಸಿಕೊಳ್ಳಲಿ. ನವಲಗುಂದ ತಾಲ್ಲೂಕಿನ ಎರಿಹೊಲಗಳು ಇಂಥ ಚಿತ್ರಕ್ಕೆ ಹೇಳಿ ಮಾಡಿಸಿದಂತಿವೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮುಂಗಾರಿನಲ್ಲಿ ಹೆಸರಿನ ಹಸಿರು, ಬೆಣ್ಣಿಹಳ್ಳ ಉಕ್ಕಿದರೆ ಕಣ್ಣು ಹಾಯುವವರೆಗೂ ಕೆಂಪು ನೀರು. ಇಡೀ ವರ್ಷವನ್ನು ಎರಡು ನಿಮಿಷಕ್ಕಿಳಿಸಿ ಸಂಗೀತ ಹಾಕಿದರೆ ನೋಡಿದವರು ಪ್ರಕೃತಿಯ ಲೀಲೆ ಎಂದು ಕೈಮುಗಿದಾರು. ಆದರೆ ಈ ನೆಲದ ನೀರಿನ ಕತೆ ಆಕಾಶದ್ದಷ್ಟೇ ಅಲ್ಲ, ಕಡತದ್ದೂ ಹೌದು. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಸಿಗದಿದ್ದರೂ ಅಭಿವೃದ್ಧಿ ಕರ ಕಟ್ಟಬೇಕೆಂಬುದರ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಹಂಚಿದ್ದು 13.42 ಟಿಎಂಸಿ, ಅದರಲ್ಲಿ ಮಲಪ್ರಭೆಗೆ ತಿರುಗಿಸಿಕೊಳ್ಳಬಹುದಾದ ಕಳಸಾ ಹಳ್ಳದ ಪಾಲು 1.72, ಬಂಡೂರಿಯದು 2.18. ಈ ಅಂಕಿಗಳಿಗೆ ಬಣ್ಣವಿಲ್ಲ, ಆಕಾರವಿಲ್ಲ. ಬಿರುಕಿನಷ್ಟು ಚೆಂದ ಅವು ಕಾಣುವುದಿಲ್ಲ. ಆದರೆ ಇವುಗಳಿಲ್ಲದೆ ಬಿರುಕನ್ನು ತೋರಿಸಿದರೆ ಹೊಣೆ ಹೊರಬೇಕಾದವರೆಲ್ಲ ಮೋಡಗಳ ಹಿಂದೆ ಮರೆಯಾಗುತ್ತಾರೆ.

ಪ್ರತಿ ವರ್ಷ ಜುಲೈ 21ರಂದು ಇಲ್ಲಿ ರೈತ ಹುತಾತ್ಮ ದಿನ ನಡೆಯುತ್ತದೆ. ಅಂದು ಬಸಪ್ಪ ಲಕ್ಕುಂಡಿ, ವೀರಪ್ಪ ಕಡ್ಲಿಕೊಪ್ಪ ಎಂದು ಹೆಸರು ಹಿಡಿದು ನೆನೆಯುತ್ತಾರೆ. ‘ಒಬ್ಬ ರೈತ’ ಎಂದು ನೆನೆದು ಸುಮ್ಮನಾಗುವುದಿಲ್ಲ. ಹೆಸರಿಲ್ಲದಿದ್ದರೆ ದುಃಖವೂ ಒಂದು ದೃಶ್ಯವಾಗಿಬಿಡುತ್ತದೆ ಎಂಬುದು ಸಿನಿಮಾ ಓದದವರಿಗೂ ಗೊತ್ತು.

ಹಾಗಾದರೆ ಈ ಚಿತ್ರಗಳನ್ನು ನೋಡುವುದು ಬಿಡಬೇಕೇ? ಬಿಡಬೇಕಿಲ್ಲ. ‘ಬರಾಕಾ’ದಲ್ಲಿ ಎಷ್ಟೋ ಮಂದಿ ಏನೂ ಮಾಡದೆ ಕ್ಯಾಮೆರಾವನ್ನು ನೇರವಾಗಿ ದಿಟ್ಟಿಸುತ್ತಾರೆ. ಆ ನೋಟಗಳೆದುರು ಕೂತಾಗ ನೋಡುತ್ತಿರುವವನು ನಾನೋ ಅವರೋ ಎಂಬ ಅನುಮಾನ ಹುಟ್ಟುತ್ತದೆ. ಅಂಥ ಅನುಮಾನ ಹುಟ್ಟಿಸುವ ಕಲೆ ಅಪರೂಪ. ಆದರೆ ಆ ಮೌನ ನನಗೆ ಸಿಕ್ಕದ್ದು ಸಾಲವಾಗಿ. ಚಿತ್ರ ಮುಗಿದಾಗ ತೀರುವ ಸಾಲವಲ್ಲ ಅದು, ಆಗ ಶುರುವಾಗುವ ಸಾಲ. ‘ಸಂಸಾರ’ದಲ್ಲಿ ಗಂಧಕದ ಬುಟ್ಟಿ ಹೊತ್ತವನನ್ನು ಕಂಡು ಆಹಾ ಎಂದವನು ಅದು ಇಂಡೋನೇಷ್ಯಾದ ಇಜೆನ್ ಎಂದು, ಆ ಗಂಧಕ ಎಲ್ಲಿಗೆ ಹೋಗುತ್ತದೆ ಎಂದು, ಆ ಹೊಗೆ ಎದೆಗೆ ಏನು ಮಾಡುತ್ತದೆ ಎಂದು ತಿಳಿಯುವ ಹೊಣೆಯನ್ನೂ ಹೊರಬೇಕು. ನಿರ್ದೇಶಕ ಕೇಳದೆ ಬಿಟ್ಟದ್ದನ್ನು ನೋಡುಗ ಕೇಳಬೇಕು.

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಅಪರಿಚಿತರು ಕೂತರೆ ಮೊದಲ ಮಾತು “ಯಾವೂರಾತ್ರಿ?” ಎಂಬುದೇ. ನಗರದ ಶಿಷ್ಟಾಚಾರಕ್ಕೆ ಇದು ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವುದು. ನನಗೆ ಈಗೀಗ ಹಾಗನ್ನಿಸುವುದಿಲ್ಲ. ಪಕ್ಕದಲ್ಲಿ ಕೂತವನು ಬರೀ ಒಂದು ಮುಖವಲ್ಲ, ಅವನಿಗೊಂದು ಊರಿದೆ, ಮನೆಯಿದೆ, ಹೇಳುವುದಕ್ಕೆ ಏನಾದರೂ ಇದ್ದೀತು ಎಂಬ ನಂಬಿಕೆ ಆ ಪ್ರಶ್ನೆಯೊಳಗಿದೆ. ನನ್ನ ಪಟ್ಟಿಯ ನಾಲ್ಕನೆಯ ಕಾಲಂ ಎಂದೂ ಪೂರ್ತಿ ತುಂಬಲಾರದು. ಆದರೂ ಅದನ್ನು ಅಳಿಸಿಹಾಕಿ ಮೂರೇ ಕಾಲಂ ಇಟ್ಟುಕೊಂಡರೆ ಪಟ್ಟಿ ಅಚ್ಚುಕಟ್ಟಾಗುತ್ತದೆ, ನಾನು ಸಣ್ಣವನಾಗುತ್ತೇನೆ.