ಕಾಣದ ಕೊಂಡಿ

ಯಾರ ಕಣ್ಣಿಗೂ ಬೀಳದ ಎಡೆಯಲ್ಲಿ ಕೆಲಸಮಾಡುವವನು ತನ್ನ ಕೆಲಸದ ಶುದ್ಧಿಗೆ ಯಾರಿಗೆ ಹೊಣೆ? ಕೂಲಿ ಕೊಟ್ಟ ಒಡೆಯನಿಗೋ, ತನ್ನ ಅಂತಃಕರಣಕ್ಕೋ, ಇಲ್ಲವೆ ಇವರಿಬ್ಬರನ್ನೂ ಅರಿಯದ ಮೂರನೆಯವನಿಗೋ? ಗುಪ್ತದಾನ, ನಿಕ್ಷೇಪ ಮೊದಲಾದ ಹಳೆಯ ದೃಷ್ಟಾಂತಗಳು ಹೇಳಿ ಹೇಳಿ ಸವೆದುಹೋಗಿರುವುದರಿಂದ, ಇಲ್ಲಿ ಹಳೆಯ ಮೋಟಾರು ಸೈಕಲ್ಲೊಂದರ ಸರಪಣಿಯನ್ನು ವಿಚಾರಕ್ಕೆ ತೆಗೆದುಕೊಂಡಿದ್ದೇನೆ. ವಾಚಕರು ನಗಬಾರದು. ತರ್ಕಶಾಸ್ತ್ರವು ಗಡಿಗೆಯನ್ನೂ ಬಟ್ಟೆಯನ್ನೂ ಹಿಡಿದುಕೊಂಡೇ ಇಷ್ಟು ದೂರ ನಡೆದಿಲ್ಲವೆ?

1969ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯವರು ಸಿ.ಬಿ. 750 ಎಂಬ ವಾಹನವನ್ನು ಹೊರತಂದರು. ಅದರಲ್ಲಿ ಒಂದೇ ಸಾಲಿಗೆ ನಾಲ್ಕು ಸಿಲಿಂಡರುಗಳು. ಒಟ್ಟು ಗಾತ್ರ 736 ಘನ ಸೆಂಟಿಮೀಟರು. ಕೆಳಗೆ ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕು ದಂಡ, ಮೇಲೆ ವಾಲ್ವುಗಳನ್ನು ತೆರೆಸುವ ಕ್ಯಾಮು ದಂಡ. ಇವೆರಡನ್ನೂ ಕೂಡಿಸುವುದು ಸಿಲಿಂಡರುಗಳ ನಟ್ಟನಡುವಣ ಸುರಂಗದಲ್ಲಿ ಓಡುವ ಒಂದು ಸರಪಣಿ. ಕ್ರ್ಯಾಂಕು ಎರಡು ಸುತ್ತು ಬಂದರೆ ಕ್ಯಾಮು ಒಂದು ಸುತ್ತು ಬರಬೇಕು. ಈ ನಿಯಮ ತಪ್ಪಿದರೆ ತೆರೆಯಬೇಕಾದ ಹೊತ್ತಿಗೆ ವಾಲ್ವು ತೆರೆಯದು, ಮುಚ್ಚಬೇಕಾದ ಹೊತ್ತಿಗೆ ಮುಚ್ಚದು. (ನಮ್ಮ ಮೈಸೂರಿನಲ್ಲಿ 1996ರ ವರೆಗೂ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ಡಿ ಗಾಡಿಗಳಿಗೆ ಈ ತೊಡಕೇ ಇರಲಿಲ್ಲ. ಅವುಗಳಿಗೆ ಇಂಥ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ.)

ಸರಪಣಿ ಹಿಗ್ಗಿತು ಎಂದು ಜನ ಹೇಳುವರು. ನಿಜವಾಗಿ ಉಕ್ಕು ಹಿಗ್ಗುವುದಿಲ್ಲ. ಕೊಂಡಿಕೊಂಡಿಯ ಗೂಟವೂ ಅದರ ಕುಳಿಯೂ ಕೂದಲೆಳೆಯಷ್ಟು ಸವೆಯುತ್ತವೆ, ಆ ಅಲ್ಪಗಳೆಲ್ಲ ಕೂಡಿ ಉದ್ದವಾಗುತ್ತದೆ. ಮೊದಲು ಬಿಗಿಸುವ ಸಾಧನವು ಆ ಸಡಿಲವನ್ನು ನುಂಗಿಕೊಳ್ಳುತ್ತದೆ. ಅದಕ್ಕೂ ಮಿತಿಯುಂಟು. ಮಿತಿ ಮೀರಿದ ಮೇಲೆ ಒಳಗಿನಿಂದ ಗಲಗಲ ಶಬ್ದವೇಳುವುದು. ಉಪೇಕ್ಷಿಸಿದರೆ ಸರಪಣಿ ಹಲ್ಲು ತಪ್ಪಬಹುದು, ಕಡಿಯಲೂಬಹುದು. ಆಗ ಮೇಲೇರುವ ಪಿಸ್ಟನ್ನು ತೆರೆದ ವಾಲ್ವಿಗೆ ಬಡಿದು ಎರಡೂ ಕೆಡುತ್ತವೆ.

ಇದನ್ನು ಬದಲಿಸಲು ಎರಡು ದಾರಿಗಳಿವೆ. ಸರಪಣಿಯು ತುದಿಮೊದಲಿಲ್ಲದ ಬಳೆಯಂತೆ ಕ್ರ್ಯಾಂಕು ದಂಡವನ್ನು ಸುತ್ತಿಕೊಂಡಿರುವುದರಿಂದ, ಇಂಜಿನ್ನನ್ನು ಚೌಕಟ್ಟಿನಿಂದ ಇಳಿಸಿ, ತಲೆಯನ್ನೂ ಸಿಲಿಂಡರನ್ನೂ ಕಳಚಿ, ಕೆಳಗಿನ ಪೆಟ್ಟಿಗೆಯನ್ನು ಎರಡು ಹೋಳು ಮಾಡಿ, ದಂಡವನ್ನೆತ್ತಿ ಹೊಸ ಸರಪಣಿಯನ್ನು ತೊಡಿಸುವುದು ಹಿರಿಯ ದಾರಿ. ಮೇಲಿನ ಮುಚ್ಚಳವನ್ನಷ್ಟೇ ತೆಗೆದು, ಸುರಂಗದ ಬಾಯಿಗೆ ಬಟ್ಟೆ ತುರುಕಿ, ಹಳೆಯ ಸರಪಣಿಯ ಒಂದು ಗೂಟದ ತಲೆಯನ್ನು ಅರೆದು ಬಿಡಿಸಿ, ಆ ತುದಿಗೆ ಹೊಸದನ್ನು ಕಟ್ಟಿ, ಬಟ್ಟೆಯನ್ನು ತೆಗೆದು, ಕ್ರ್ಯಾಂಕನ್ನು ಮೆಲ್ಲನೆ ತಿರುಗಿಸುತ್ತ ಹಳೆಯದರ ಬೆನ್ನಿಗೆ ಹೊಸದನ್ನು ಇಳಿಸಿ ಮೇಲೆತ್ತಿ, ಕೊನೆಗೆ ಎರಡು ತುದಿಗಳನ್ನೂ ಒಂದು ಕೊಂಡಿಯಿಂದ ಸೇರಿಸಿ ರಿವೆಟ್ಟು ಬಡಿಯುವುದು ಕಿರಿಯ ದಾರಿ. ಮುಚ್ಚಳ ಹಾಕಿದ ಮೇಲೆ ಯಾವ ದಾರಿಯಲ್ಲಿ ನಡೆದರೆಂಬುದನ್ನು ಒಡೆಯನು ಕಂಡುಹಿಡಿಯಲಾರನು.

ಕಿರಿಯ ದಾರಿಯೇ ವಂಚನೆ ಎನ್ನುವವರುಂಟು. ಆ ಮಾತನ್ನು ನಾನು ಒಪ್ಪುವುದಿಲ್ಲ. ಕಾರ್ಖಾನೆಯಿಂದ ಬಂದ ಅಖಂಡ ಸರಪಣಿಯಾದರೂ ಬಿಡಿ ಕೊಂಡಿಗಳನ್ನು ಬಡಿದು ಕೂಡಿಸಿದುದೇ ಅಲ್ಲವೆ? ಅಲ್ಲಿ ಯಂತ್ರ ಬಡಿಯಿತು, ಇಲ್ಲಿ ಕೈ ಬಡಿಯಿತು. ಕೈ ಪಳಗಿದ್ದು, ಕೊಂಡಿ ಆ ಸರಪಣಿಗೆಂದೇ ಮಾಡಿದುದಾದರೆ ದೋಷವೇನು? ಐವತ್ತು ವರ್ಷ ಕೂತಲ್ಲೇ ಕೂತ ಬೋಲ್ಟುಗಳನ್ನು ಕೆಣಕಿ ಮುರಿಯುವುದು, ಚೆನ್ನಾಗಿ ಕೂಡಿಕೊಂಡಿದ್ದ ಪೆಟ್ಟಿಗೆಯನ್ನು ಬಿಡಿಸಿ ಎಣ್ಣೆ ಸೋರುವಂತೆ ಮಾಡುವುದು, ಇವೂ ಹಾನಿಯೇ. ಶ್ರಮ ಹೆಚ್ಚಾದಷ್ಟೂ ಪುಣ್ಯ ಹೆಚ್ಚು ಎಂಬ ಲೆಕ್ಕವು ತಪಸ್ಸಿಗೆ ಸಲ್ಲುವುದೋ ಏನೋ, ಯಂತ್ರಕ್ಕೆ ಸಲ್ಲದು.

ಹಾಗಾದರೆ ದೋಷವೆಲ್ಲಿ? ಹಿರಿಯ ದಾರಿಯಲ್ಲಿ ನಡೆದವನು ಬೇಡವೆಂದರೂ ಕೆಲವನ್ನು ಕಾಣಬೇಕಾಗುತ್ತದೆ: ಸವೆದು ಚೂಪಾದ ಹಲ್ಲುಗಳು, ಗೆರೆಬಿದ್ದ ಮಾರ್ಗದರ್ಶಿ ಪಟ್ಟಿ, ಎಣ್ಣೆಯ ತಳದಲ್ಲಿ ಬಿದ್ದಿರುವ ರಬ್ಬರಿನ ಚೂರು. ಸವೆದ ಹಲ್ಲಿನ ಮೇಲೆ ಓಡುವ ಹೊಸ ಸರಪಣಿ ಬೇಗನೆ ಹಳತಾಗುವುದು. ಕಿರಿಯ ದಾರಿಯವನು ಇವನ್ನು ಕಾಣದಿರಬಹುದು; ಆದರೆ ಕಾಣುವುದು ಬೇಡವೆಂದೇ ಆ ದಾರಿಯನ್ನು ಹಿಡಿದಿದ್ದರೆ, ಆ ಅಜ್ಞಾನವು ಅವನಿಗೆ ರಕ್ಷೆಯಾಗದು. ತಾನಾಗಿ ತರಿಸಿಕೊಂಡ ಅಜ್ಞಾನವನ್ನು ಜ್ಞಾನದ ಲೆಕ್ಕಕ್ಕೇ ಹಿಡಿಯಬೇಕು.

ಒಡೆಯನಿಗೆ ಎಲ್ಲವನ್ನೂ ತಿಳಿಸಿ ಅವನ ಒಪ್ಪಿಗೆ ಪಡೆದರೆ ಸಾಲದೆ ಎಂದು ಕೇಳಬಹುದು. ಬಹುಪಾಲು ಸಾಕು. ಆದರೆ ಒಡೆಯನು ತನ್ನ ಪ್ರಾಣದ ಮಟ್ಟಿಗೆ ಒಪ್ಪಬಲ್ಲನೇ ಹೊರತು ಹಿಂದೆ ಕೂತ ಹೆಂಡತಿಯ ಪರವಾಗಿ ಒಪ್ಪಲಾರನು. ಕಡಿದ ಸರಪಣಿ ಒಳಗೆ ಸಿಕ್ಕಿಕೊಂಡು ಇಂಜಿನ್ನು ಓಟದ ನಡುವೆ ಬಿಗಿದುಕೊಂಡಿತೆಂದರೆ ಹಿಂದಿನ ಗಾಲಿಯೂ ಬಿಗಿದು ಗಾಡಿ ಜಾರುವುದು. ಎದುರಿಗೆ ಬರುವ ಪಾದಚಾರಿಯನ್ನು ಯಾರು ಕೇಳಿದ್ದರು? ಮೊದಲು ಹೇಳಿದ ಮೂರನೆಯವನು ಇವನೇ. ಇವನಿಗೆ ಕೆಲಸಗಾರನ ಹೆಸರು ಗೊತ್ತಿಲ್ಲ, ಕೂಲಿಯನ್ನು ಇವನು ಕೊಟ್ಟಿಲ್ಲ. ಆದರೂ ಹೊಣೆಯ ಹೆಚ್ಚಿನ ಪಾಲು ಇವನ ಕಡೆಗೇ ಸಲ್ಲಬೇಕೆಂದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಬದಲಿಸಿದ ಮೇಲೆ ಅದು 1969ರ ಗಾಡಿಯೇ ಹೌದೆ ಎಂಬ ಪ್ರಶ್ನೆಯನ್ನು ಹಳೆಯ ವಾಹನಪ್ರಿಯರು ಬಹಳವಾಗಿ ಚರ್ಚಿಸುತ್ತಾರೆ. ನಾಗಸೇನನು ಮಿಲಿಂದರಾಜನಿಗೆ ಅಚ್ಚು ರಥವೇ, ಗಾಲಿ ರಥವೇ ಎಂದು ಕೇಳಿದನು. ಅವಯವವೊಂದು ಹೋದರೆ ಹಳೆಯ ಅವಯವಿ ನಾಶವಾಗಿ ಬೇರೊಂದು ಹುಟ್ಟುವುದೆಂಬುದು ನೈಯಾಯಿಕರ ಮತ. ಸೊಗಸಾದ ವಾದಗಳೇ ಸರಿ. ಆದರೆ ರಿವೆಟ್ಟು ಬಡಿಯುವವನಿಗೆ ಇವುಗಳಿಂದ ಉಪಕಾರವಿಲ್ಲ. ಮಾರುವವನಿಗೆ ಮಾತ್ರ ಉಪಕಾರವುಂಟು, ಅದೂ ಸುಳ್ಳು ಹೇಳುವ ಮನಸ್ಸಿದ್ದರೆ.

ಇನ್ನೊಂದು ತೊಡಕು ಉಳಿದಿದೆ. ಹಲ್ಲುಗಳು ಸವೆದಿವೆಯೆಂದು ತಿಳಿಸಿದರೂ ಒಡೆಯನು ಖರ್ಚಿಗೆ ಅಂಜಿ, ಸರಪಣಿಯನ್ನಷ್ಟೇ ಹಾಕಿ ಮುಚ್ಚಿಬಿಡು ಎಂದರೆ ಕೆಲಸಗಾರನೇನು ಮಾಡಬೇಕು? ನಿರಾಕರಿಸಬೇಕೆಂದೇ ನಾನು ಹೇಳುವೆನು. ತಾನು ಮಾಡದಿದ್ದರೆ ಪಕ್ಕದ ಅಂಗಡಿಯವನು ಮಾಡುತ್ತಾನೆ, ಗಾಡಿ ರಸ್ತೆಗೆ ಇಳಿದೇ ಇಳಿಯುತ್ತದೆ ಎಂಬುದು ದಿಟ; ಹಾಗಿದ್ದರೂ ಆ ಸುತ್ತಿಗೆಯನ್ನು ಹಿಡಿದ ಕೈ ಇವನದಾಗುವುದಿಲ್ಲ. ಆ ದಿನದ ಕೂಲಿ ಮಾತ್ರ ಹೋಗುತ್ತದೆ. ಅದನ್ನು ತೆರುವುದು ಅವನೊಬ್ಬನೇ ಅಲ್ಲ, ಸಂಜೆ ಅಕ್ಕಿಗೆ ಕಾಯುತ್ತಿರುವ ಅವನ ಮನೆಯವರೂ ತೆರುತ್ತಾರೆ. ಅವರನ್ನೂ ಯಾರೂ ಕೇಳಿರುವುದಿಲ್ಲ.