ಬಿತ್ತನೆಗೆ ಮುನ್ನ ಒಂದು ಉಪವಾಸ

ಪ್ರಾಚೀನ ಅಥೆನ್ಸ್‌ನಲ್ಲಿ ಶರತ್ಕಾಲದ ಬಿತ್ತನೆ ಹತ್ತಿರವಾದಾಗ ಗೃಹಿಣಿಯರು ಮೂರು ದಿನ ಮನೆ ಬಿಟ್ಟು ಹೊರಡುತ್ತಿದ್ದರು. ಧಾನ್ಯದೇವತೆ ಡಿಮೀಟರ್‌ಳ ಥೆಸ್ಮೊಫೋರಿಯಾ ಹಬ್ಬವದು. ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ. ಊರಿನ ಸಭೆಯಲ್ಲಿ ಮತವೇ ಇಲ್ಲದ ಹೆಂಗಸರು ಈ ಹಬ್ಬದ ಮುಂದಾಳುಗಳನ್ನು ಮಾತ್ರ ತಾವೇ ಆರಿಸಿಕೊಳ್ಳುತ್ತಿದ್ದರು.

ಹಬ್ಬದ ಬೇರು ತಾಯೊಬ್ಬಳ ಸಂಕಟದಲ್ಲಿದೆ. ಹೂ ಕೊಯ್ಯುತ್ತಿದ್ದ ಮಗಳು ಪರ್ಸೆಫೊನಿಯನ್ನು ಪಾತಾಳದೊಡೆಯ ಹೇಡಿಸ್ ಹೊತ್ತೊಯ್ದ. ಡಿಮೀಟರ್ ಮುನಿದಳು, ಬಿತ್ತಿದ ಬೀಜ ಮೊಳೆಯಲಿಲ್ಲ. ಕೊನೆಗೆ ದೇವತೆಗಳೇ ಮಣಿದು ಮಗಳನ್ನು ಕಳಿಸಿಕೊಟ್ಟರು. ಆದರೆ ಪಾತಾಳದಲ್ಲಿ ದಾಳಿಂಬೆಯ ಕಾಳು ತಿಂದಿದ್ದ ಅವಳು ವರ್ಷದ ಮೂರನೇ ಒಂದು ಪಾಲನ್ನು ಅಲ್ಲೇ ಕಳೆಯಬೇಕಾಯಿತು. ತಾಯಿಗೆ ಸಿಕ್ಕಿದ್ದು ಮುಕ್ಕಾದ ಸಮಾಧಾನ.

ಹಬ್ಬದ ನಡುವಿನ ದಿನ ಹೆಂಗಸರು ಬರಿನೆಲಕ್ಕೆ ಹತ್ತಿರವಾಗಿ ಕೂತು ಉಪವಾಸ ಮಾಡುತ್ತಿದ್ದರು. ಅಂದು ನ್ಯಾಯಾಲಯಗಳು ನಡೆಯುತ್ತಿರಲಿಲ್ಲ, ಆಡಳಿತ ಮಂಡಳಿ ಸೇರುತ್ತಿರಲಿಲ್ಲ. ದೇವಿಯ ದುಃಖಕ್ಕಾಗಿ ಊರಿನ ವ್ಯವಹಾರವೇ ನಿಲ್ಲುತ್ತಿತ್ತು.

ಇನ್ನೊಂದು ಆಚರಣೆ ಮನಸ್ಸನ್ನು ಬಹುಕಾಲ ಕಾಡುತ್ತದೆ. ಮೊದಲೇ ಆಳವಾದ ಕುಳಿಗಳಿಗೆ ಹಂದಿಮರಿಗಳನ್ನು ಹಾಕಿರುತ್ತಿದ್ದರು. ಮೂರು ದಿನ ಮಡಿಯಲ್ಲಿದ್ದ ಕೆಲವು ಹೆಂಗಸರು, ಒಳಗಿರುವ ಹಾವುಗಳು ಸರಿಯಲೆಂದು ಸದ್ದುಮಾಡುತ್ತಾ ಕೆಳಗಿಳಿದು, ಕೊಳೆತು ಉಳಿದದ್ದನ್ನು ಮೇಲೆತ್ತಿ ತಂದು ಬಲಿಪೀಠದ ಮೇಲಿಡುತ್ತಿದ್ದರು. ಅದನ್ನು ಬೀಜಕ್ಕೆ ಬೆರೆಸಿ ಬಿತ್ತಿದರೆ ಬೆಳೆ ಹುಲುಸಾಗುತ್ತದೆಂಬುದು ನಂಬಿಕೆ.

ಇದು ಗೊಬ್ಬರದ ಅರಿವು ಎಂದು ಸುಮ್ಮನಾಗಬಹುದು. ಆದರೆ ಗೊಬ್ಬರಕ್ಕೆ ಬಲಿಪೀಠ ಯಾಕೆ ಬೇಕಿತ್ತು? ಹೇಡಿಸ್‌ಗಾಗಿ ನೆಲ ಬಾಯಿ ಬಿಟ್ಟಾಗ ಅಲ್ಲಿ ಮೇಯುತ್ತಿದ್ದ ಹಂದಿಗಳೂ ಮಗಳ ಜೊತೆಗೇ ಒಳಸೇರಿದವೆಂದು ಕಥೆ. ಭೂಮಿ ನುಂಗಿದ್ದು ಹೋದ ರೂಪದಲ್ಲಿ ಮರಳುವುದಿಲ್ಲ. ಮರಳಿದಷ್ಟನ್ನು, ಅದು ನಾರುತ್ತಿದ್ದರೂ, ಕೈಯಾರೆ ಎತ್ತಿ ದೇವರ ಮುಂದಿಡುವುದಕ್ಕೆ ಎದೆಗಾರಿಕೆ ಬೇಕು. ಅದನ್ನೇ ಮುಂದಿನ ಬೆಳೆಗೆ ಬೆರೆಸುವುದಕ್ಕೆ ಇನ್ನೂ ಹೆಚ್ಚಿನದು ಬೇಕು.

ಮೂರನೆಯ ದಿನ ಒಳ್ಳೆಯ ಸಂತಾನಕ್ಕಾಗಿ ಪ್ರಾರ್ಥನೆ. ಹುಟ್ಟಿದ ಕೂಸು ಉಳಿಯುವ ಭರವಸೆಯೇ ಇಲ್ಲದ ಕಾಲವದು. ಕೂತವರಲ್ಲಿ ಮಕ್ಕಳನ್ನು ಮಣ್ಣಿಗಿಟ್ಟ ತಾಯಂದಿರೂ ಇದ್ದಿರಲೇಬೇಕು. ಅಳು ಮರೆತು ಬನ್ನಿ ಎಂದು ಹಬ್ಬ ಅವರಿಗೆ ಹೇಳಲಿಲ್ಲ. ಅಳುವುದಕ್ಕೆ ಒಂದು ದಿನವನ್ನೂ ಜೊತೆಗೆ ಕೂರುವವರನ್ನೂ ಕೊಟ್ಟು, ಆಮೇಲೆ ಹೊಲದ ಕಡೆ ಕಳಿಸಿತು. ಕಳೆದದ್ದೆಲ್ಲ ಪೂರ್ತಿ ಕೈಸೇರಲಿ ಎಂದು ಕಾಯುತ್ತಾ ಕೂತರೆ ಬಿತ್ತನೆಯ ಹದ ಮೀರಿಹೋಗುತ್ತದೆ. ಮುಕ್ಕಾದ ಸಮಾಧಾನದಲ್ಲೇ ಡಿಮೀಟರ್ ಭೂಮಿಗೆ ಮತ್ತೆ ಹಸಿರು ಕೊಟ್ಟಳು. ಅವಳ ದೊಡ್ಡತನ ನನಗೆ ಕಾಣುವುದು ಅಲ್ಲಿಯೇ.